ಕಿವಿಗೆ ಮುಟ್ಟದ ಕೈ

ಚಿಕ್ಕವ್ವ ಕೋಲು ಬಿಟ್ಟು ನಡೆಯುತ್ತಿದ್ದಾಳೆಂಬ ಸುದ್ದಿ ಗಜೇಂದ್ರಗಡದಿಂದ ಬಂದಾಗ ನಾನು ಸಂತೋಷಪಡಬೇಕಿತ್ತು. ಪಟ್ಟೆ ಕೂಡ, ಒಂದು ಕಪ್ ಚಹಾ ಮುಗಿಯುವವರೆಗೆ. ಆಮೇಲೆ ಹೊಟ್ಟೆಯುರಿ ಶುರುವಾಯಿತು. ನನ್ನ ಅವ್ವ ಅವಳ ಅಕ್ಕ; ಅವ್ವನ ಮೊಣಕಾಲ ನೋವು ಇನ್ನೂ ಹಾಗೇ ಇತ್ತು.

ಎಪ್ಪತ್ತು ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಚಿಕ್ಕವ್ವನ ಮೊಣಕಾಲಿನ ಆಪರೇಷನ್ ಆಗಿತ್ತು. ಅವಳ ಮಗ ಫೋನಿನಲ್ಲಿ, "ಅಣ್ಣಾ, ದೊಡ್ಡವ್ವಂದೂ ಲಗೂ ಮಾಡಿಸೋ. ನೀ ಬರೇ ಚಿಂತಿ ಮಾಡ್ಕೋತ ಕುಂದ್ರತಿ" ಎಂದ. ಸಾಲದ್ದಕ್ಕೆ, ತಾಯಿ ಮೆಟ್ಟಿಲು ಹತ್ತುವ ವಿಡಿಯೊ ಬೇರೆ ಕಳಿಸಿದ. ಅದನ್ನು ಎಷ್ಟು ಸಲ ನೋಡಿದೆನೋ, ಪ್ರತಿ ಸಲವೂ ಅವಳು ಹತ್ತೇ ಹತ್ತಿದಳು.

ಮರುದಿನವೇ ಅವ್ವನನ್ನು ರೋಣದ ಸೇವಾ ಕೇಂದ್ರಕ್ಕೆ ಕರೆದೊಯ್ದೆ. ಮಳೆ ಬಂದೀತೆಂದು ಕೊಡೆ, ಪಾಳಿ ಉದ್ದವಿದ್ದೀತೆಂದು ಬುತ್ತಿ. ಎಲ್ಲ ಚಿಂತೆಗೂ ತಯಾರಿ ಇತ್ತು, ಒಂದನ್ನು ಬಿಟ್ಟು.

ಅಲ್ಲಿದ್ದ ಹುಡುಗಿ ಆಧಾರ್ ನೋಡಿ, "ಅಜ್ಜಿಗೆ ಇನ್ನೂ ಎಪ್ಪತ್ತ ತುಂಬಿಲ್ರಿ. ಬರೋ ಜೂನ್ ಒಂದಕ್ಕ ತುಂಬತೈತಿ, ಆವಾಗ ಬರ್ರಿ" ಎಂದಳು.

"ಈಕಿ ತಂಗಿಗೆ ತುಂಬೈತಲ್ವಾ! ಅಕ್ಕಗ ಹ್ಯಾಂಗ ತುಂಬಂಗಿಲ್ಲ?"

ಹುಡುಗಿ ನಕ್ಕಳು. ಅವ್ವನೂ ನಕ್ಕಳು.

ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವ್ವ ವಿಷಯ ಬಿಚ್ಚಿದಳು. ತವರೂರು ಮುಶಿಗೇರಿಯ ಶಾಲೆಗೆ ಸೇರಬೇಕಾದರೆ ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟಬೇಕಿತ್ತಂತೆ. ಮುಟ್ಟಿದರೆ ಆರು ವರ್ಷ, ಹುಟ್ಟಿದ ದಿನ ಎಲ್ಲರಿಗೂ ಜೂನ್ ಒಂದು.

"ನಾನೂ ತಂಗಿನೂ ಒಂದ ದಿನ ಹೋಗಿದ್ವಿ. ಅಕಿ ಜ್ವಾಳದ ದಂಟಿನಂಗ ಉದ್ದಕಿದ್ಲು, ಮುಟ್ಟಿಬಿಟ್ಲು. ನಂದು ಗಿಡ್ಡ ಕೈ. ಮಾಸ್ತರ್ರು ಮನಿಗೆ ಕಳಿಸಿದ್ರು. ಮುಂದಿನ ವರ್ಷ ಮುಟ್ಟಿತು, ಆವಾಗ ನನಗ ಆರಾತು."

ಅಂದರೆ ಸರ್ಕಾರದ ಲೆಕ್ಕದಲ್ಲಿ ಅಕ್ಕ ತಂಗಿಗಿಂತ ಒಂದು ವರ್ಷ ಚಿಕ್ಕವಳು! ಚಿಕ್ಕವ್ವನ ಕೈಯ ಉದ್ದದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ತಾರೀಖು ತಿದ್ದಿಸೋಣ ನಡಿಯವ್ವಾ."

"ಯಾಕ? ಆ ತಾರೀಖಿನಿಂದನ ನನ್ನ ರಿಟೈರ್ಮೆಂಟ್ ಮುಂದ ಹೋಗಿ, ನಾ ಸಾಲ್ಯಾಗ ಟೀಚರಾಗಿ ಒಂದ ವರ್ಷ ಹೆಚ್ಚಿಗಿ ಕಲಿಸಿದ್ದು. ನೀ ಅಂಗಡಿ ಮುಚ್ಚಿ ಮೂಲ್ಯಾಗ ಕುಂತಿದ್ದಿ ನೋಡು, ಅದ ವರ್ಷ. ಆವಾಗ ನನ್ನ ಪಗಾರದಾಗ ಉಣ್ಣಾಕ ಚಲೋ ಇತ್ತು, ಈಗ ಬ್ಯಾಡಾತೇನು?"

ನಾನು ಬುತ್ತಿ ಬಿಚ್ಚಿದೆ. ಬಾಯಿಗೆ ಅದೊಂದೇ ಕೆಲಸ ಉಳಿದಿತ್ತು.

ನಮ್ಮೂರು ಯಾವಗಲ್‌ಗೆ ಹೋಗುವ ಬಸ್ಸು ಬಂತು. ಅವ್ವ ನನ್ನ ಭುಜ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ಹತ್ತಿದಳು. ತಾಯಿಗೆ ಬೇಗ ವಯಸ್ಸಾಗಲಿ ಎಂದು ಹಾರೈಸುವ ಮಗ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಜೂನ್ ಒಂದಕ್ಕೆ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ಅಂದು ಭಾನುವಾರ ಬರದಿದ್ದರೆ ಸಾಕು.