ಮಗ್ಗದ ಗುಂಡಿಯ ಇಲಿ

ಸತ್ತ ಇಲಿಯನ್ನು ಮುಚ್ಚಿಡುವುದರಲ್ಲಿ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿ ಎತ್ತಿದ ಕೈ. ಇಲಿ ಬಿತ್ತೆಂದರೆ ಪ್ಲೇಗು, ಪ್ಲೇಗೆಂದರೆ ಮನೆ ಖಾಲಿ, ಮನೆ ಖಾಲಿಯಾದರೆ ಮಗ್ಗ ನಿಂತಂತೆ. ಅದಕ್ಕೇ ಗುಂಡಿ ಮಗ್ಗದಲ್ಲಿ ಕಾಲಿಡುವ ಜಾಗದಲ್ಲೇ ಇಲಿಯನ್ನು ಹೂತು, ಮೇಲೆ ಕೂತು ಸೀರೆ ನೇಯುತ್ತಿದ್ದೆವು. ಎಂಥ ಬುದ್ಧಿವಂತರು!

ಈ ಕಳ್ಳಾಟ ಸಾಕೆಂದು, ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾವೇ ಒಂದು ಸಂಘ ಕಟ್ಟಿದೆವು. ಅದು ಸರ್ಕಾರದ್ದಲ್ಲ, ಯಾವ ಸಾಹುಕಾರನದ್ದೂ ಅಲ್ಲ. ಒಂದೇ ಒಂದು ಇಲಿ ಬೀಳುವ ಮೊದಲೇ ಊರಾಚೆಯ ತೋಪಿನಲ್ಲಿ ಗುಡಿಸಲು ಹಾಕಿ, ಒಳಗೆ ಗುಂಡಿ ತೋಡಿ ಮಗ್ಗಗಳನ್ನೂ ಹೂಡಿಟ್ಟೆವು. ಕೆಲಸ ನಿಲ್ಲದಿದ್ದರೆ ಯಾರು ತಾನೇ ಇಲಿ ಮುಚ್ಚಿಡುತ್ತಾರೆ? "ಇಲಿ ಬಚ್ಚಿಟ್ಟೋನು ಮನುಷ್ಯನೇ ಅಲ್ಲ!" ಎಂದು ಸಭೆಯಲ್ಲಿ ಗಂಟಲು ಹರಿದುಕೊಂಡವನು ನಾನೇ.

ಆ ವರ್ಷದ ಮೊದಲ ಇಲಿ ಬಿದ್ದದ್ದು ನನ್ನ ಮಗ್ಗದ ಗುಂಡಿಯಲ್ಲಿ.

ಹೆಂಡತಿಗೆ ದಿನ ತುಂಬಿತ್ತು. ಹಿಂದಿನ ಮಗು ಹುಟ್ಟಿದ ದಿನವೇ ಹೋಗಿತ್ತು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ತುಂಬಿದ ಬಸುರೀನ ಬಯಲಿಗೆ ಕರ್ಕೊಂಡೋಗ್ತೀಯೇನೋ? ಹೂತ್ಬಿಡು, ಯಾರಿಗ್ ಗೊತ್ತಾಗುತ್ತೆ!" ಮುಚ್ಚುಮರೆ ಯಾಕೆ, ನಾನು ಗುದ್ದಲಿ ಎತ್ತಿಕೊಂಡೆ. ಈ ಮಗುವೂ ಕೈತಪ್ಪೀತೆಂದು ನನಗೆ ಭಯವಾಗಿತ್ತು.

ಹೆಂಡತಿ ಗೋಡೆ ಹಿಡಿದು ಎದ್ದಳು. "ಊರಿಗೆಲ್ಲ ಬುದ್ಧಿ ಹೇಳಿದ್ರಲ್ಲ, ಈಗ ಬಾಯಿಗೆ ಬೀಗ ಹಾಕ್ಕೊಂಡ್ರಾ? ಇಲಿ ಹೂತ ಮನೇಲಿ ನಾನು ಹೆರೋದಿಲ್ಲ. ನಡೀರಿ."

ಗುದ್ದಲಿ ಬಿಸಾಕಿ ಸಂಘದ ಕಡೆ ಓಡಿದೆ. ಬಿಸಿಲೇರುವ ಮೊದಲೇ ಗಾಡಿ ಬಂತು, ಸಂಜೆಯ ಹೊತ್ತಿಗೆ ಇಡೀ ಬೀದಿ ತೋಪಿನಲ್ಲಿತ್ತು. ಪ್ಲೇಗಿನ ಚಿಗಟ ಅಂಟಿ ಬಂದೀತು, ಮನೆಯಿಂದ ನೂಲಿನ ಎಳೆಯೂ ತರಬೇಡಿ ಎಂದು ಸಂಘದವರು ಹೊಸ ನೂಲು ಕೊಟ್ಟರು. ಮರುದಿನವೇ ಲಾಳಿ ಓಡಿತು. ಮೂರನೆಯ ದಿನ ಮಗಳು ಹುಟ್ಟಿದಳು, ತೋಪೆಲ್ಲ ಕೇಳುವಂತೆ ಅತ್ತಳು. ನಾನೂ ಅತ್ತೆ.

ಬಿಟ್ಟುಬಂದ ಮನೆಗಳಲ್ಲಿ ಆಮೇಲೆ ಸಾಲುಸಾಲಾಗಿ ಇಲಿ ಬಿದ್ದವು. ನಮ್ಮ ಬೀದಿಯವರು ಒಬ್ಬರೂ ಸಾಯಲಿಲ್ಲ.

ಮಗುವಿಗೆ ಹನ್ನೊಂದು ದಿನವಾದಾಗ ಸರ್ಕಾರಿ ಕಚೇರಿಯ ಸಾಹೇಬರೊಬ್ಬರು, ಬೀದಿ ಖಾಲಿ ಮಾಡಬೇಕೆಂಬ ಹುಕುಮು ಹಿಡಿದು ತೋಪಿಗೇ ಬಂದರು. "ಹುಕುಮು ಬರೋಕ್ ಮುಂಚೆ ಯಾರ್ರೀ ನಿಮ್ಮನ್ನ ಇಲ್ಲಿಗೆ ಬರೋಕ್ ಹೇಳಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, ಬಾಗಿಲಿಗೆ ಅಡ್ಡ ನಿಂತಿದ್ದ ಅದೇ ಅವ್ವ, ಮೊಮ್ಮಗಳನ್ನು ಎತ್ತಿಕೊಂಡು ಮುಂದೆ ಬಂದಳು.

"ಇವಳಿಗೆ ಇವತ್ತಿಗೆ ಹನ್ನೊಂದು ದಿನ, ಸ್ವಾಮಿ. ನಿಮ್ಮ ಹುಕುಮಿಗೆ ಕಾಯ್ಕೊಂಡ್ ಕೂತಿದ್ರೆ ಇವಳು ಎಲ್ಲಿರ್ತಿದ್ಲು?"