ಅವ್ವನನ್ನು ಕಮಲಾಪುರಕ್ಕೆ ಒಯ್ದ ಮೋಟಾರು

ನಿಜಾಮರ ಕಾಲದಲ್ಲಿ ಕಲಬುರ್ಗಿಯಲ್ಲಿ ಮೋಟಾರು ಇಟ್ಟುಕೊಂಡವರನ್ನು ಜನ ದೊಡ್ಡ ಮನುಷ್ಯರು ಎಂದುಕೊಳ್ಳುತ್ತಿದ್ದರು. ನನ್ನ ಮೋಟಾರನ್ನು ನೋಡಿದ ಯಾರೂ ಹಾಗೆ ಅಂದುಕೊಂಡಿರಲಾರರು. ಗಾಜಿಪುರ ಓಣಿಯ ವಕೀಲರೊಬ್ಬರು ಹೈದರಾಬಾದಿಗೆ ಹೋಗುವಾಗ ನನ್ನ ತಲೆಗೆ ಕಟ್ಟಿಹೋದ ಹಳೇ ಗಾಡಿ ಅದು. ಎಂಜಿನನ್ನು ತಣ್ಣಗಿಡುವ ನೀರು ತುಂಬುವ ರೇಡಿಯೇಟರು ಮೊದಲು ಸೋರುತ್ತಿತ್ತು, ಈಗ ಸೋರುವುದನ್ನು ನಿಲ್ಲಿಸಿದ್ದೇನೆ ಎಂದಿದ್ದರು. ಹೇಗೆ ನಿಲ್ಲಿಸಿದಿರಿ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಸ್ಟೇಶನ್ನಿನ ತನಕ ಹೋಗಿಬರಲು ಗಾಡಿ ಸಾಕಾಗಿತ್ತು.

ಬೇಸಿಗೆಯ ಒಂದು ಮುಂಜಾನೆ ಶಹಾಬಜಾರದ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಳು. ಕಮಲಾಪುರದ ಹೊಲದಲ್ಲಿ ಅಪ್ಪನ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಅವಳು ಮೊದಲಿನಿಂದಲೂ ಹೇಳುತ್ತ ಬಂದಿದ್ದಳು. ಊರಲ್ಲಿದ್ದ ಅಣ್ಣನಿಗೆ ಕುದುರೆಯವನ ಕೈಲಿ ಸುದ್ದಿ ಕಳಿಸಿದೆವು. ಅವನು ಕುಣಿ ತೋಡಿಸಿಕೊಂಡು ಕಾಯುತ್ತಿರುತ್ತಾನೆ, ನಾವು ಹೊತ್ತು ಮುಳುಗುವುದರೊಳಗೆ ಮುಟ್ಟಬೇಕು. ಆ ಬಿಸಿಲಿನಲ್ಲಿ ಮರುದಿನದ ತನಕ ಇಡುವ ಹಾಗಿರಲಿಲ್ಲ, ಎತ್ತಿನ ಗಾಡಿಯಾದರೆ ದಾರಿಯಲ್ಲೇ ರಾತ್ರಿಯಾಗುತ್ತಿತ್ತು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮೈ ಸೆಟೆಯುವ ಮೊದಲೇ ಓಣಿಯ ಹೆಂಗಸರು ಅವ್ವನಿಗೆ ವಿಭೂತಿ ಹಚ್ಚಿ, ಕಾಲು ಮಡಚಿ ಕೂರಿಸಿದ್ದರು. ಹಾಗಾಗಿ ಅವಳು ಹಿಂದಿನ ಸೀಟಿನಲ್ಲಿ ಕೂತೇ ಹೊರಟಳು. ಬದುಕಿದ್ದಾಗ ಎಷ್ಟು ಕರೆದರೂ ಆ ಮೋಟಾರು ಹತ್ತದವಳು. ಪಕ್ಕದಲ್ಲಿ ಅಕ್ಕ ಅವಳ ಸೊಂಟ ಬಳಸಿ ಹಿಡಿದುಕೊಂಡಿದ್ದಳು. ಸೆರಗು ಹುಬ್ಬಿನ ತನಕ ಇಳಿದಿತ್ತು; ನೋಡುವವರಿಗೆ ಮುದುಕಿಯೊಬ್ಬಳು ತೂಕಡಿಸುತ್ತ ಹೊರಟ ಹಾಗಿತ್ತು. ಅಕ್ಕ ದಾರಿಯುದ್ದಕ್ಕೂ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ದುಃಖವೂ ಆಗಲಿಲ್ಲ. ರಸ್ತೆಯಲ್ಲಿ ಗುಂಡಿ ಎಲ್ಲಿದೆ, ಎತ್ತು ಎಲ್ಲಿ ಅಡ್ಡ ಬಂತು ಎನ್ನುವುದಷ್ಟೇ ನನಗೆ ಕಾಣುತ್ತಿತ್ತು.

ಮಹಾಗಾಂವ ದಾಟಿ ಏರು ಶುರುವಾದದ್ದೇ ತಡ, ಎಂಜಿನು ಕುದ್ದು ಹಬೆ ಉಗುಳತೊಡಗಿತು. ಗಾಡಿಯನ್ನು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ. ತಣ್ಣಗಾಗಲೆಂದು ಕಾದು, ಜೊತೆಗೆ ತಂದಿದ್ದ ಡಬ್ಬಿಯ ನೀರನ್ನೆಲ್ಲ ಹೊಯ್ದು ಹೊರಡಿಸಿದರೆ, ಕೂಗಳತೆ ದೂರ ಹೋಗುವಷ್ಟರಲ್ಲಿ ಮತ್ತೆ ಕುದಿಯಿತು. ಅಂದರೆ ನೀರು ಕಡಿಮೆಯಾದದ್ದಕ್ಕೆ ಕುದಿಯುತ್ತಿದ್ದುದಲ್ಲ. ಗಾಳಿ ಹೊಡೆಯುವ ಫ್ಯಾನಿನ ಪಟ್ಟಿ ನೋಡಿದೆ, ಅದೂ ಬಿಗಿಯಾಗಿತ್ತು. ಹೊತ್ತು ಪಡುವಣಕ್ಕೆ ವಾಲುತ್ತಿತ್ತು.

ಆಗ ಅಕ್ಕ ಮೂಗು ಒರೆಸಿಕೊಂಡು, "ತಮ್ಮಾ, ಇಲ್ಲಿ ಯಾರರ ಅಂಬಲಿ ಹೊತ್ತಿಸ್ಯಾರೇನು?" ಅಂದಳು.

ಸುತ್ತ ಒಂದು ಮನೆಯೂ ಇರಲಿಲ್ಲ. ಬಗ್ಗಿ ಮೂಸಿದೆ, ವಾಸನೆ ಹಬೆಯದೇ. ರೇಡಿಯೇಟರಿನ ಮೇಲೆ ಅಂಗೈ ಆಡಿಸಿದೆ. ಮೇಲುಗಡೆ ಕೈ ಇಡಲಾಗದಷ್ಟು ಸುಡುತ್ತಿತ್ತು, ಕೆಳಗಡೆ ತಣ್ಣಗಿತ್ತು. ಬಿಸಿನೀರು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮುಂಜಾನೆ ಅವ್ವನ ಪಾದ ಮುಟ್ಟಿದಾಗಲೂ ಕೈಗೆ ಇಷ್ಟೇ ತಣ್ಣಗೆ ಹತ್ತಿತ್ತು, ಆಗಲೂ ನನಗೆ ಏನೂ ಅನ್ನಿಸಿರಲಿಲ್ಲ.

ಕೆಳಗಿನ ಕೊಳವೆ ಬಿಚ್ಚಿದರೆ ನೀರು ಬರೀ ತೊಟ್ಟಿಕ್ಕಿತು. ತಂತಿ ಹಾಕಿ ತಿವಿದಾಗ ಕಂದು ಬಣ್ಣದ ಗಟ್ಟಿ ಮುದ್ದೆಗಳು ಬಿದ್ದವು. ಜೋಳದ ಹಿಟ್ಟು! ವಕೀಲರು ಸೋರುವ ತೂತು ಮುಚ್ಚಲು ರೇಡಿಯೇಟರಿಗೆ ಹಿಟ್ಟು ಹೊಯ್ದಿದ್ದರು. ಅದು ಒಳಗೇ ಬೆಂದು, ತೂತಿನ ಜೊತೆಗೆ ನೀರಿನ ದಾರಿಯನ್ನೂ ಮುಚ್ಚಿತ್ತು. ತಿವಿದೂ ತಿವಿದೂ ತೆಗೆದು ಕೊಳವೆಯನ್ನು ಮತ್ತೆ ಜೋಡಿಸಿದೆ. ತೂತು ಮತ್ತೆ ಸೋರತೊಡಗಿತು. ಸೋರಿದರೆ ಸೋರಲಿ, ಈಗ ನೀರೊಂದು ಸಿಕ್ಕರೆ ಕಮಲಾಪುರ ಮುಟ್ಟಬಹುದಿತ್ತು.

ಹೊಲದ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದ ಹೆಂಗಸನ್ನು ಕೂಗಿ ಕರೆದೆ. ಅವಳು ಕೊಡದ ನೀರನ್ನೆಲ್ಲ ಹೊಯ್ದಳು, ಡಬ್ಬಿಯನ್ನೂ ತುಂಬಿಸಿ ತಂದು ಕೊಟ್ಟಳು. ಆಮೇಲೆ ಹಿಂದಿನ ಸೀಟಿನ ಕಡೆ ನೋಡಿ ಒಂದು ಚೆಂಬು ನೀರನ್ನು ನನ್ನ ಕೈಗೆ ಕೊಟ್ಟಳು.

"ಅವ್ವಗೂ ಒಂದೀಟು ಕುಡಸ್ರಿ. ಆಗಿನಿಂದ ಬಿಸಲಾಗ ಕುಂತಾರ."

ಅಕ್ಕ ನನ್ನ ಮುಖ ನೋಡಿದಳು. ಚೆಂಬು ಒಯ್ದು ಅವ್ವನ ತುಟಿಗೆ ಹಿಡಿದೆ. ನೀರು ಗದ್ದದಿಂದ ಇಳಿದು ಸೀರೆಯ ಮೇಲೆ ಬಿತ್ತು. ಅಕ್ಕ ಸೆರಗಿನಿಂದ ಒರೆಸಿದಳು. ಹೆಂಗಸು ಅಷ್ಟನ್ನೂ ನೋಡುತ್ತ ನಿಂತಿದ್ದಳು.

"ಯಾವಾಗ?" ಎಂದು ಸಣ್ಣಗೆ ಕೇಳಿದಳು.

"ಇವತ್ತ ಮುಂಜಾನೆ," ಅಂದೆ.

ಅವಳು ಬಾಗಿಲಿನ ಹತ್ತಿರ ಬಂದು ಅವ್ವನ ಜರುಗಿದ ಸೆರಗನ್ನು ಸರಿಮಾಡಿದಳು. ನಾನು ಹ್ಯಾಂಡಲು ತಿರುಗಿಸಿ ಎಂಜಿನು ಶುರುಮಾಡಿ ಒಳಗೆ ಕೂತೆ. ಗಾಡಿ ಕದಲುವಾಗ ಅವಳು ಕೈ ಮುಗಿದು, ಊರಿಗೆ ಹೊರಟವರಿಗೆ ಹೇಳುವ ಹಾಗೆ ಹೇಳಿದಳು: "ಹೋಗಿ ಬಾ ಯವ್ವಾ."

ಮನೆಯಿಂದ ಹೊರಡುವಾಗ ಅಷ್ಟು ಜನ ನೆರೆದಿದ್ದರು, ಯಾರೂ ಆ ಮಾತು ಹೇಳಿರಲಿಲ್ಲ. ತಿರುಗಿ ಬರದವಳಿಗೆ ಯಾರು ಹೇಳುತ್ತಾರೆ? ಎಂಜಿನು ಏರನ್ನು ಸಲೀಸಾಗಿ ಹತ್ತುತ್ತಿತ್ತು, ನನಗೆ ರಸ್ತೆ ಕಾಣದಾಯಿತು. ಬೆಳಗಿನಿಂದ ಬಾರದ ಅಳು ಬಂದಿತ್ತು.

"ಸಾವಕಾಶ ನಡಸೋ ತಮ್ಮಾ," ಅಕ್ಕ ಹಿಂದಿನಿಂದ ಅಂದಳು. "ಅವ್ವ ವಾಲಾಕತ್ಯಾಳ."