ಸೇರಿನ ಮಟ್ಟಕ್ಕೆ ಇಳಿಯದ ಕೈ

ಹಸಿ ಕಬ್ಬನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿದರೆ ಒಂದು ಶಬ್ದ ಬರುತ್ತದೆ. ಕಬ್ಬು ಎರಡು ತುಂಡಾಗಿರುವುದಿಲ್ಲ, ಹೊರಗಿನ ನಾರು ಹಿಡಿದುಕೊಂಡೇ ಇರುತ್ತದೆ, ಒಳಗೆ ಮಾತ್ರ ಏನೋ ಬಿಟ್ಟುಕೊಟ್ಟಿರುತ್ತದೆ. ಅಂಥ ಶಬ್ದ ನನ್ನ ಸೋದರಮಾವನ ಬಲಗೈಯೊಳಗಿಂದ ಬಂದಾಗ ಅವರ ಎರಡು ಹೆಗಲುಗಳೂ ನನ್ನ ಅಂಗೈಗಳ ಕೆಳಗಿದ್ದವು. ನನಗೆ ಅದು ಮೊದಲು ಕೇಳಿಸಿದ್ದು ಕಿವಿಗಲ್ಲ, ಅಂಗೈಗೆ. ಆಮೇಲೆ ಎಷ್ಟೋ ವರ್ಷ ಕಳೆದಿದೆ. ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ಯಾರಾದರೂ ಸೀಮೆಸುಣ್ಣ ಮುರಿದರೂ ಸಾಕು, ನಾನು ಕೈಯನ್ನು ಮೇಜಿನಿಂದ ಎತ್ತಿಕೊಳ್ಳುತ್ತೇನೆ.

ನಮ್ಮ ಮನೆ ನೇತ್ರಾವತಿಯ ಬದಿಯ ಹೆಂಚಿನ ಕಾರ್ಖಾನೆಗಳ ಸಾಲಿನ ಹಿಂದೆ ಇತ್ತು. ಅಪ್ಪ ತೀರಿಹೋದ ಮೇಲೆ ಅಮ್ಮ ನನ್ನನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ನಮ್ಮವರಲ್ಲಿ ಅದರಲ್ಲಿ ವಿಶೇಷವೇನೂ ಇಲ್ಲ, ತಂಗಿಯ ಮಕ್ಕಳೇ ಮಾವನ ಮಕ್ಕಳು. ಮಾವ ಕಾರ್ಖಾನೆಯ ಅಚ್ಚಿನ ಯಂತ್ರದಲ್ಲಿ ಕೆಲಸದವರು. ಜೇಡಿಮಣ್ಣಿನ ಬಿಲ್ಲೆಯನ್ನು ಯಂತ್ರ ಒತ್ತಿಬಿಟ್ಟ ಕೂಡಲೇ ಹಸಿ ಹೆಂಚನ್ನು ಹಲಗೆಯ ಮೇಲೆ ತೆಗೆದುಕೊಂಡು ಒಣಗಿಸುವ ಅಟ್ಟಕ್ಕೆ ಇಡಬೇಕು. ನೋಡುವವರಿಗೆ ಅದು ಮಕ್ಕಳ ಕೆಲಸ. ಆದರೆ ಎರಡೂ ಮೊಣಕೈಗಳು ಒಟ್ಟಿಗೆ ಚಾಚಿ ಒಟ್ಟಿಗೆ ಮಡಚಬೇಕು. ಒಂದು ಕೈ ಬೆರಳಷ್ಟು ಹಿಂದುಳಿದರೂ ಹಲಗೆ ವಾಲುತ್ತದೆ, ಹಲಗೆ ವಾಲಿದರೆ ಹೆಂಚು ಸೊಟ್ಟಗಾಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಮಾವ ಸೊಟ್ಟ ಹೆಂಚು ಇಟ್ಟವರಲ್ಲವಂತೆ. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಆ ಎರಡು ಮೊಣಕೈಗಳ ಮೇಲೆ.

ಆ ವರ್ಷ ಮಳೆ ಹಿಡಿಯುವ ಮೊದಲು ಅವರು ಕಾರ್ಖಾನೆಯ ಕೆಸರಿನಲ್ಲಿ ಜಾರಿ ಬಲ ಮೊಣಕೈ ಊರಿ ಬಿದ್ದರು. ಆಸ್ಪತ್ರೆಯಲ್ಲಿ ಕೈ ಮಡಚಿ ಸುಣ್ಣದ ಪಟ್ಟಿ ಸುತ್ತಿದರು. ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು, ಕೈ ಮಾತ್ರ ಮಡಚಿದಲ್ಲೇ ನಿಂತಿತ್ತು. ಡಾಕ್ಟರು ನನ್ನನ್ನು ಬದಿಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಬಿಸಿನೀರಿನಲ್ಲಿ ಕೈ ಇಟ್ಟು ಇವರೇ ಮಡಚಲಿ, ಇವರೇ ಚಾಚಲಿ, ನೋವು ಶುರುವಾಗುವಲ್ಲಿ ನಿಲ್ಲಿಸಲಿ. ಬೇರೆ ಯಾರೂ ಮುಟ್ಟಬಾರದು. ತಿಕ್ಕುವುದು, ಎಳೆಯುವುದು, ಭಾರ ತೂಗಿಸುವುದು ಯಾವುದೂ ಬೇಡ. ಈ ಕೀಲು ಸಿಟ್ಟಿನ ಕೀಲು, ಎಳೆದರೆ ಮಾಂಸದೊಳಗೆ ಎಲುಬು ಬೆಳೆಯುತ್ತದೆ. ದೀಪಾವಳಿಯ ಹೊತ್ತಿಗೆ ಕೆಲಸಕ್ಕೆ ಬೇಕಾದಷ್ಟು ಕೈ ಬರುತ್ತದೆ.

ನಾನು ಅದನ್ನು ಮಾವನಿಗೆ ಹೇಳಿದೆ.

"ಮಾಂಸದಲ್ಲಿ ಎಲುಬಾ?" ಮಾವ ನಕ್ಕರು. "ನಾನು ಎಂತ, ಬಂಗುಡೆ ಮೀನಾ?"

ಆದರೂ ಡಾಕ್ಟರು ಹೇಳಿದಂತೆಯೇ ಮಾಡಿದರು. ಅಳತೆಗೆ ನಾನೇ ಒಂದು ಉಪಾಯ ಹುಡುಕಿದೆ. ಮಾವ ಚಾವಡಿಯ ಗೋಡೆಗೆ ಬಲಮೈ ಒತ್ತಿ ಕೂತುಕೊಳ್ಳಬೇಕು, ಅಕ್ಕಿ ಅಳೆಯುವ ಸೇರನ್ನು ಕವುಚಿ ಅದರ ಮೇಲೆ ಮೊಣಕೈ ಊರಬೇಕು, ಆಮೇಲೆ ಕೈಯನ್ನು ಮುಂದಕ್ಕೆ ಇಳಿಸುತ್ತಾ ಹೋಗಬೇಕು. ಬೆರಳ ತುದಿ ಎಲ್ಲಿ ನಿಂತಿತೋ ಅಲ್ಲಿ ಗೋಡೆಗೆ ನಾನೊಂದು ಇದ್ದಿಲ ಗೆರೆ ಎಳೆಯುತ್ತಿದ್ದೆ. ಬೆರಳು ಸೇರಿನ ಮಟ್ಟಕ್ಕೆ ಇಳಿದರೆ ಕೈ ನೆಟ್ಟಗಾಯಿತೆಂದು ಲೆಕ್ಕ. ಮೊದಲ ಗೆರೆ ಅವರ ಕಿವಿಯ ಎತ್ತರದಲ್ಲಿತ್ತು. ತಿಂಗಳು ಕಳೆಯುವಾಗ ಗೆರೆಗಳು ನಾಲ್ಕು ಬೆರಳು ಇಳಿದಿದ್ದವು. ಅಮ್ಮ ಗುಡಿಸುವಾಗ ಆ ಗೋಡೆಗೆ ಹಿಡಿಸೂಡಿ ತಾಗದಂತೆ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದ. ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿದು ಗೋಡೆ ನೋಡಿದ.

"ಇದೆಂತ ಮಾರಾಯ, ಗೋಡೆಗೆ ಬಸುರಿ ದಿನ ಲೆಕ್ಕ ಹಾಕಿದ ಹಾಗೆ?"

ಮಾವ ವಿವರಿಸಿದರು. ಅವನು ಗೆರೆಗಳಿಗೆ ಬೆರಳು ಇಟ್ಟು ನೋಡಿದ. "ಈ ಲೆಕ್ಕದಲ್ಲಿ ನೀನು ಬರುವಾಗ ನಾನು ಇರುವುದಿಲ್ಲ. ನೋಡು, ಆಟಿ ಮುಗಿಯುವವರೆಗೆ ನಿನ್ನ ಜಾಗದಲ್ಲಿ ಬೇರೆಯವನನ್ನು ನಿಲ್ಲಿಸಿದ್ದೇನೆ. ಸೋಣ ತಿಂಗಳ ಮೊದಲ ದಿನ ಬಾ. ಒಂದೇ ಒಂದು ಹಸಿ ಹೆಂಚು ಅಟ್ಟಕ್ಕೆ ಮುಟ್ಟಿಸು. ಮುಟ್ಟಿಸಿದರೆ ಜಾಗ ನಿನ್ನದು. ಇಲ್ಲದಿದ್ದರೆ ಬಾಗಿಲ ಹತ್ತಿರವೂ ಬರಬೇಡ."

ಮಳೆಗಾಲದ ನಡುವಿನ ಆಟಿ ತಿಂಗಳು ಆಗಷ್ಟೇ ಹುಟ್ಟಿತ್ತು. ಅದರ ಮುಂದಿನ ಸೋಣಕ್ಕೆ ಒಂದು ತಿಂಗಳು. ದೀಪಾವಳಿ ಅದರಾಚೆ ಎಲ್ಲೋ.

ಎಣ್ಣೆ ಪಂಡಿತರ ಮಾತು ತೆಗೆದದ್ದು ಅಮ್ಮ. ಅವರು ಉಳ್ಳಾಲದ ಕಡೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದು ಮನೆಮನೆಯಲ್ಲಿ ಉಳುಕು ತೆಗೆಯುತ್ತಿದ್ದವರು. ಆಟಿಯ ಮಳೆಯಲ್ಲಿ ಮೈ ಎಣ್ಣೆ ಕುಡಿಯುತ್ತದೆ, ಬೇರೆ ತಿಂಗಳಲ್ಲಿ ಒಂದು ವರ್ಷ ತಿಕ್ಕಿದ್ದು ಆಟಿಯಲ್ಲಿ ಒಂದು ವಾರಕ್ಕೆ ಸಮ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಿದ್ದರು. ಮಾವನಿಗೆ ಅದಕ್ಕಿಂತ ದೊಡ್ಡ ಕಾರಣ ಹೊಳೆದಿತ್ತು. ಅದು ಹೆಂಚಿನವನಿಗೆ ಮಾತ್ರ ಹೊಳೆಯುವ ಕಾರಣ.

"ಮಣ್ಣನ್ನು ತುಳಿಯದೆ ಹೆಂಚಾಗ್ತದಾ?" ಎಂದರು ನನ್ನೊಡನೆ. "ಸೊಟ್ಟಗಾದದ್ದನ್ನು ಹಸಿಯಿರುವಾಗಲೇ ಒತ್ತಿ ನೇರ ಮಾಡ್ಬೇಕು. ಒಣಗಲಿ ಅಂತ ಕಾದರೆ ಮತ್ತೆ ಒಡೆದು ಬಿಸಾಡುವುದೇ. ನಿನ್ನ ಡಾಕ್ಟರು ಒಣಗಲಿಕ್ಕೆ ಬಿಟ್ಟಿದ್ದಾರೆ."

ಆಮೇಲೆ ಧ್ವನಿ ತಗ್ಗಿಸಿ ಕೇಳಿದರು. "ಆ ಎಲುಬು ಬೆಳೆಯುವ ಮಾತು, ನಿಜವಾ? ಇಲ್ಲ ಹೆದರಿಸಲಿಕ್ಕೆ ಹೇಳಿದ್ದಾ? ನೀನು ಓದಿದವನು. ನೀನು ಬೇಡ ಅಂದರೆ ನಾನು ಕೈ ಕೊಡುವುದಿಲ್ಲ."

ಈ ಪ್ರಶ್ನೆಯನ್ನು ಅವರು ನನ್ನ ಬಳಿ ಒಮ್ಮೆಯೇ ಕೇಳಿದ್ದು. ನಾನು ಆಗ ಇಂಟರ್‌ಮೀಡಿಯೆಟ್ ತರಗತಿಯಲ್ಲಿದ್ದೆ, ವಿಜ್ಞಾನ ಓದುತ್ತಿದ್ದೆ. ಡಾಕ್ಟರರ ಮಾತಿನ ಒಂದೊಂದು ಶಬ್ದವೂ ನನ್ನ ತಲೆಯಲ್ಲಿತ್ತು. ಜೊತೆಗೆ ಸೋಣ ತಿಂಗಳೂ ಇತ್ತು. ಜಾಗ ಹೋದರೆ ನಾಡಿದ್ದು ನಾನೇ ಕಾರ್ಖಾನೆಯ ಕೆಸರು ತುಳಿಯಬೇಕಿತ್ತು.

"ಹೆದರಿಸಿದ್ದೇ ಇರಬಹುದು ಮಾವ," ಎಂದೆ.

ಪಂಡಿತರು ಕುಳ್ಳಗಿನ, ನಗುಮುಖದ ಮನುಷ್ಯ. ಕೈ ಮುಟ್ಟಿ ನೋಡಿ, "ಕಟ್ಟು ಬಿಗಿದಿದೆ, ಬಿಡಿಸುವ," ಎಂದಷ್ಟೇ ಹೇಳಿದರು. ಚಾವಡಿಯ ಬೆಂಚಿನ ಮೇಲೆ ಮಾವನನ್ನು ಅಂಗಾತ ಮಲಗಿಸಿ, ಮೊಣಕೈಯಿಂದ ಮುಂದಿನ ಭಾಗ ಬೆಂಚಿನ ಆಚೆಗೆ ಬರುವಂತೆ ತೋಳನ್ನು ಸೀರೆಯ ತುಂಡಿನಿಂದ ಬಿಗಿದರು. ಒಂದು ಗಂಟೆ ಬಿಸಿ ಎಣ್ಣೆ ತಿಕ್ಕಿದರು. ಆಮೇಲೆ ಮಣಿಕಟ್ಟಿಗೆ ಹಗ್ಗ ಕಟ್ಟಿ ಹಿತ್ತಾಳೆಯ ಕೊಡಪಾನ ತೂಗಿಸಿ ಅದಕ್ಕೆ ಒಂದೊಂದೇ ಚೊಂಬು ನೀರು ಹೊಯ್ದರು. ನನ್ನ ಕೆಲಸ ಹೆಗಲುಗಳನ್ನು ಒತ್ತಿ ಹಿಡಿಯುವುದು. ಅಮ್ಮನ ಕೆಲಸ ನೀರು ತರುವುದು.

ಮೊದಲ ದಿನ ನಾಲ್ಕನೆಯ ಚೊಂಬಿಗೆ ಮಾವ ಕೂಗಿದರು. ಪಂಡಿತರಿಗೆ ಸಂತೋಷವಾಯಿತು. "ಕೂಗಲಿ ಕೂಗಲಿ, ಬೇನೆ ಬಾಯಿಯಲ್ಲಿ ಹೋಗ್ತದೆ." ಗೆರೆ ಮೂರು ಬೆರಳು ಇಳಿಯಿತು. ತಿಂಗಳಿಡೀ ನಾಲ್ಕು, ಒಂದೇ ದಿನ ಮೂರು! ಅಮ್ಮ ಪಂಡಿತರಿಗೆ ಕೋಳಿ ಪದಾರ್ಥ ಮಾಡಿ ಬಡಿಸಿದಳು. ಮಾವ ಎಡಗೈಯಲ್ಲಿ ಊಟ ಮಾಡುತ್ತಾ ಗೋಡೆ ನೋಡಿ ನಗುತ್ತಿದ್ದರು.

ಮೂರನೆಯ ದಿನ ಅವರು ತಾವಾಗಿಯೇ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸುತ್ತಿ ಬಾಯಿಗೆ ಇಟ್ಟುಕೊಂಡು ಬೆಂಚಿನ ಮೇಲೆ ಮಲಗಿದರು. ಕೊಡಪಾನ ತುಂಬಿತು. ಕೈ ಒಂದು ಹಂತಕ್ಕೆ ಬಂದು ನಿಂತಿತು. ಪಂಡಿತರು ಅಂಗಳಕ್ಕೆ ಇಳಿದು ಕಾಲು ತೊಳೆದು ಬಂದರು. ಮಾವನ ಮುಂಗೈಯ ಮೇಲೆ ಒಂದು ಪಾದ ಇಟ್ಟು, ಮಾಡಿನ ಅಡ್ಡತೊಲೆಗೆ ಕಟ್ಟಿದ ಹಗ್ಗ ಹಿಡಿದು, ಮೈಭಾರವನ್ನು ನಿಧಾನ ಬಿಡತೊಡಗಿದರು.

ಇಲ್ಲಿಂದ ಮುಂದಿನದು ಹತ್ತು ಉಸಿರಿನಷ್ಟು ಹೊತ್ತು. ಆ ಹತ್ತು ಉಸಿರುಗಳನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದ್ದೇನೋ ಗೊತ್ತಿಲ್ಲ. ಮಾವನ ಹಿಮ್ಮಡಿ ಬೆಂಚನ್ನು ಬಡಿಯುತ್ತಿತ್ತು. ಬೈರಾಸಿನೊಳಗಿಂದ ಬರುತ್ತಿದ್ದದ್ದು ಕೂಗಾಗಿರಲಿಲ್ಲ, ನೀರೊಳಗಿನಿಂದ ಯಾರೋ ಮಾತಾಡಿದ ಹಾಗಿತ್ತು. ಅವರ ಕಣ್ಣು ನನ್ನ ಕಣ್ಣಿಗೆ ನೆಟ್ಟಿತ್ತು. ತಲೆಯನ್ನು ಆಚೆ ಈಚೆ ಆಡಿಸುತ್ತಿದ್ದರು. ಬೇಡ ಎನ್ನಲು ಜಗತ್ತಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ನನಗೆ ಅರ್ಥವಾಗಿತ್ತು. ನಾನು ಕೈ ತೆಗೆದಿದ್ದರೆ ಸಾಕಿತ್ತು, ಅವರು ಹೊರಳುತ್ತಿದ್ದರು, ಪಂಡಿತರು ಕೆಳಗೆ ಬೀಳುತ್ತಿದ್ದರು, ಒಂದಿಷ್ಟು ಬೈಗಳು ಬರುತ್ತಿದ್ದವು, ಅಷ್ಟೇ. ಆಗ ಪಂಡಿತರು ಮೇಲಿನಿಂದ ಹೇಳಿದರು:

"ಕಾಲೇಜಿನವನಾದರೂ ಹಿಡಿತ ಉಂಟು ನಿನಗೆ!"

ನಾನು ಇನ್ನೂ ಜೋರಾಗಿ ಒತ್ತಿದೆ.

ಆಗಲೇ ಆ ಶಬ್ದ ಬಂದದ್ದು.

"ಕಟ್ಟು ಬಿಟ್ಟಿತು!" ಎಂದು ಪಂಡಿತರು ಕೂಗಿದರು. ಅಮ್ಮ ಕೈಯಲ್ಲಿದ್ದ ಚೊಂಬು ಇಟ್ಟು ದೇವರ ದಿಕ್ಕಿಗೆ ಕೈ ಮುಗಿದಳು. ಮಾವನ ಮೈ ಹಿಂಡಿದ ಬಟ್ಟೆಯಂತೆ ತಣ್ಣಗಿತ್ತು. ಅವರನ್ನು ಎತ್ತಿ ಕೂರಿಸಿ ಸೇರಿನ ಮೇಲೆ ಮೊಣಕೈ ಇಡಿಸಿದೆವು. ಕೈ ತಾನಾಗಿಯೇ ಇಳಿಯಿತು, ಸೇರಿನಿಂದ ಎರಡೇ ಬೆರಳು ಮೇಲಿತ್ತು. ನಾನು ಗೆರೆ ಎಳೆದೆ. ಆ ಗೆರೆಯನ್ನು ದಪ್ಪವಾಗಿ ಎರಡು ಸಲ ಎಳೆದೆ.

ಮರುದಿನ ಮೊಣಕೈ ಬಣ್ಣದ ಸೌತೆಯಂತೆ ಊದಿತ್ತು. ಜ್ವರ ಬಂತು. ಪಂಡಿತರು ನೀರು ಇಳಿಯುತ್ತದೆ ಎಂದು ಮತ್ತೆ ತಿಕ್ಕಿದರು, ಹೊಸ ಕಟ್ಟು ಬಿದ್ದಿದೆ ಎಂದು ಮತ್ತೆ ತೂಗಿಸಿದರು. ಆಟಿ ಅರ್ಧವಾಗುವ ಹೊತ್ತಿಗೆ ಗೆರೆಗಳು ಗೋಡೆ ಹತ್ತತೊಡಗಿದವು. ದಪ್ಪ ಗೆರೆ ದಾಟಿ, ಪಂಡಿತರ ಮೊದಲ ದಿನದ ಗೆರೆ ದಾಟಿ, ಡಾಕ್ಟರರ ತಿಂಗಳ ನಾಲ್ಕು ಬೆರಳನ್ನೂ ದಾಟಿ ಮೇಲೆ ಹೋದವು. ಒಂದು ದಿನ ಮಾವ ಗೋಡೆಯ ಹತ್ತಿರ ಕೂರುವುದಿಲ್ಲ ಎಂದರು. ಅಂದಿನಿಂದ ಪಂಡಿತರೂ ಬರಲಿಲ್ಲ. ಹೊಳೆಯಲ್ಲಿ ನೆರೆ, ದೋಣಿ ಇಲ್ಲ ಎಂದು ಹೇಳಿಕಳಿಸಿದರು. ದೋಣಿ ಓಡುತ್ತಿತ್ತು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಮಾವನ ತೋಳಿನ ಮುಂಭಾಗ ಮುಟ್ಟಿದರು. ನನ್ನ ಬೆರಳು ಹಿಡಿದು ಅಲ್ಲೇ ಇಡಿಸಿದರು. ಮಾಂಸ ಇರಬೇಕಾದಲ್ಲಿ ಹೊಳೆಯ ಕಲ್ಲಿನಂಥದ್ದೊಂದು ಇತ್ತು. "ನಿನಗೆ ಹೇಳಿದ್ದೆ," ಎಂದರು ಇಂಗ್ಲಿಷಿನಲ್ಲಿ.

"ಎಂತ ಹೇಳಿದರು?" ಮಾವ ಕೇಳಿದರು.

"ಸ್ವಲ್ಪ ತಡ ಆಗ್ತದಂತೆ."

ಸೋಣದ ಮೊದಲ ದಿನ ಮಾವ ಶುಭ್ರ ಮುಂಡು ಉಟ್ಟು ಕಾರ್ಖಾನೆಗೆ ಹೋದರು. ಬೇಡ ಎಂದರೂ ಕೇಳಲಿಲ್ಲ. ಜೊತೆಗೆ ನಾನೂ ಹೋದೆ. ಯಂತ್ರ ಒತ್ತಿತು, ಹಲಗೆ ಬಂತು. ಎಡಗೈ ಚಾಚಿತು. ಬಲಗೈ ಚಾಚಲಿಲ್ಲ. ಅದನ್ನು ಸರಿಗಟ್ಟಲು ಮಾವ ಇಡೀ ಸೊಂಟವನ್ನೇ ಬಲಕ್ಕೆ ತಿರುಗಿಸಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಟ್ಟರು. ಮೂರು ಹೆಜ್ಜೆ ಹೋದರು. ನಾಲ್ಕನೆಯದಕ್ಕೆ ಹಸಿ ಹೆಂಚು ಹಲಗೆಯಿಂದ ಜಾರಿ ತನ್ನ ಮೇಲೆ ತಾನೇ ಮಡಚಿ ಬಿತ್ತು.

"ಹೆಂಚು ಕೇಳಿದರೆ ಹೋಳಿಗೆ ಮಾಡಿದೆಯಲ್ಲ ಮಾರಾಯ!" ಎಂದ ಮೇಸ್ತ್ರಿ. ಅಟ್ಟದ ಹತ್ತಿರವಿದ್ದ ಹೆಂಗಸರೂ ನಕ್ಕರು. ಮಾವನೂ ನಗಲು ನೋಡಿದರು. ಇಪ್ಪತ್ತು ವರ್ಷ ಅವರ ಬದಿಯಲ್ಲೇ ನಿಂತು ಕೆಲಸ ಮಾಡಿದ ಒಬ್ಬ ತನ್ನ ಬುತ್ತಿಯ, ಮೇಲೆ ಹಿಡಿಯಿದ್ದ ತೂಕುಪಾತ್ರೆಯನ್ನು ತಂದು ಮಾವನ ಮಡಚಿದ ಕೈಗೆ ಸಿಕ್ಕಿಸಿದ. "ನೋಡಿ, ಒಳ್ಳೆ ಕೊಕ್ಕೆ! ಇದಕ್ಕೆ ಜಾಗ ಕೊಡಿ ಮೇಸ್ತ್ರಿಗಳೇ."

ಪಾತ್ರೆಯನ್ನು ಮಾವ ತಾವೇ ಬಿಡಿಸಿ, ಒರೆಸಿ, ಅವನಿಗೆ ಕೊಟ್ಟರು.

ನಾನು ಕೆಸರು ತುಳಿಯಲಿಲ್ಲ. ಮಾವನ ಜಾಗ ಬೇರೆಯವನಿಗೆ ಹೋಯಿತು, ಅಮ್ಮ ಅದೇ ಕಾರ್ಖಾನೆಯಲ್ಲಿ ತಲೆಯ ಮೇಲೆ ಹೆಂಚು ಹೊರಲು ಸೇರಿದಳು. ನಾನು ಓದಿದೆ. ಮಾವ ಮನೆಯಲ್ಲಿ ಗಂಜಿ ಬೇಯಿಸಿದರು, ಸಂತೆಗೆ ಹೋದರು. ದಾರಿಯಲ್ಲಿ ಸಿಕ್ಕಿದವರು ತಮಾಷೆಗೆ ಆ ಕೈಗೆ ಏನಾದರೂ ಸಿಕ್ಕಿಸುತ್ತಿದ್ದರು, ಒಮ್ಮೆ ಬಳ್ಳಿಗೆ ಪೋಣಿಸಿದ ಮೀನಿನ ಕೋವೆ, ಒಮ್ಮೆ ಯಾರದೋ ಮಗುವಿನ ಟೊಪ್ಪಿ. ಆಮೇಲೆ ಅದು ತಮಾಷೆಯಾಗಿಯೂ ಉಳಿಯಲಿಲ್ಲ. ಅಮ್ಮನೇ ಕೆಲಸದಿಂದ ಬಂದು ಸೆರಗು ಕೊಡವುವಾಗ ಚೀಲವನ್ನು ಅಲ್ಲಿ ತೂಗಿಸುತ್ತಿದ್ದಳು. ಗೋಡೆಗೆ ಸುಣ್ಣ ಹೊಡೆದರೂ ದಪ್ಪ ಗೆರೆ ಮಾತ್ರ ಅಡಿಯಿಂದ ಕಾಣುತ್ತಿತ್ತು.

ಮಾವ ನನ್ನನ್ನು ಒಂದು ದಿನವೂ ಕೇಳಲಿಲ್ಲ. ಡಾಕ್ಟರು ಹೇಳಿದ್ದು ನಿಜ ಅಂತ ನಿನಗೆ ಗೊತ್ತಿತ್ತಾ ಎಂದು ಕೇಳುತ್ತಾರೆಂದು ನಾನು ಪ್ರತಿ ಊಟಕ್ಕೂ ಕಾಯುತ್ತಿದ್ದೆ.

ಬಿ.ಎಸ್‌ಸಿ. ಪಾಸಾಗಿ ಮಾಸ್ತರಿಕೆಯ ಕಾಗದ ಸಿಕ್ಕಿದ ದಿನ ಧೋ ಎಂದು ಮಳೆ. ಓಡಿ ಬಂದು ಜಗಲಿ ಹತ್ತಿದೆ. ಮಾವ ಬಾಗಿಲಲ್ಲೇ ನಿಂತಿದ್ದರು. "ಆಯಿತು ಮಾವ, ಕೆಲಸ ಆಯಿತು!" ಎಂದೆ. ಅಂಗಿಯೊಳಗಿನ ಕಾಗದ ಒದ್ದೆಯಾಯಿತೋ ನೋಡಲು ಎರಡು ಕೈಯೂ ಬೇಕಾಯಿತು. ಕೈಯಲ್ಲಿದ್ದ ಬಿಚ್ಚಿದ ಕೊಡೆಯನ್ನು ಎದುರು ಕಂಡಲ್ಲಿ ಸಿಕ್ಕಿಸಿದೆ.

ಕಾಗದ ಬಿಡಿಸಿ ತಲೆ ಎತ್ತಿದಾಗ ನೋಡಿದೆ. ಮಾವ ಕದಲದೆ ನಿಂತಿದ್ದರು. ಕೊಡೆಯ ನೀರು ಅವರ ಮೊಣಕೈಯಿಂದ ಇಳಿದು ಮುಂಡಿನ ಅಂಚಿಗೆ ತೊಟ್ಟಿಕ್ಕುತ್ತಿತ್ತು.

"ಮಡಚಿ ಸಿಕ್ಕಿಸು ಮಗಾ," ಎಂದರು. "ಚಾವಡಿಗೆಲ್ಲ ನೀರು ಬೀಳ್ತದೆ."